ಹುಳುಮನೆಯ ತಂಪು ಬೀದಿಗೂ ಬೇಕು

ದಿಬ್ಬೂರಹಳ್ಳಿಯಲ್ಲಿ ಶುರುವಾಗುತ್ತಿರುವ ನೆರಳಿನ ಚಳವಳಿಯ ಮೊದಲ ಪ್ರಣಾಳಿಕೆ

ನಮ್ಮೂರಲ್ಲಿ ಥರ್ಮಾಮೀಟರ್ ನೋಡಬೇಕಾದರೆ ರೇಷ್ಮೆ ಸಾಕುವ ಹುಳುಮನೆಗೆ ಹೋಗಬೇಕು. ಸೊಪ್ಪು ಹಾಸಿದ ಸ್ಟ್ಯಾಂಡುಗಳ ನಡುವೆ, ತೊಲೆಗೆ ಕಟ್ಟಿದ ದಾರದಲ್ಲಿ ಅದು ತೂಗಾಡುತ್ತಿರುತ್ತದೆ. ಪಕ್ಕಪಕ್ಕ ಎರಡು ಗಾಜಿನ ಕಡ್ಡಿ, ಒಂದರ ಬುಡಕ್ಕೆ ಒದ್ದೆ ಬತ್ತಿ. ಅಕ್ಷರ ಬಾರದ ಹೆಂಗಸರೂ ಅದನ್ನು ಓದಬಲ್ಲರು. ಮೊಟ್ಟೆಯೊಡೆದ ಹುಳುವಿಗೆ 28 ಡಿಗ್ರಿ, ಪೊರೆ ಕಳಚುವ ಒಂದೊಂದು ಜ್ವರ ಎದ್ದಂತೆ ಒಂದೊಂದು ಡಿಗ್ರಿ ಕಡಿಮೆ, ನಾಲ್ಕನೇ ಜ್ವರ ಎದ್ದು ಹಸಿದು ಸೊಪ್ಪು ಮುಕ್ಕುವ ದೊಡ್ಡ ಹುಳುವಿಗೆ 24. ಈ ಲೆಕ್ಕ ನಮಗೆ ಬಾಯಿಪಾಠ. ಏಪ್ರಿಲ್‌ನಲ್ಲಿ ಕಡ್ಡಿ 32 ದಾಟಿತೆಂದರೆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತೇವೆ, ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸುತ್ತೇವೆ, ಶೀಟಿನ ಮೇಲೆ ತೆಂಗಿನ ಗರಿ ಹೊದಿಸುತ್ತೇವೆ. ನಡುರಾತ್ರಿ ಎದ್ದು ಗೋಣಿತಾಟು ಒಣಗಿತೇ ಎಂದು ಮುಟ್ಟಿ ನೋಡುತ್ತೇವೆ. ಹುಳುಮನೆ ಕಟ್ಟುವಾಗಲೇ ಉದ್ದದ ಗೋಡೆಗೆ ಪಡುವಣ ಬಿಸಿಲು ಹೊಡೆಯದಂತೆ ಪಾಯ ಹಾಕುತ್ತೇವೆ, ಸುತ್ತ ಹೊಂಗೆಯೋ ಬೇವೋ ನೆಡುತ್ತೇವೆ.

ಯಾಕೆಂದರೆ ಸೆಕೆ ಏನು ಮಾಡುತ್ತದೆಂದು ನಮಗೆ ಗೊತ್ತು. ಹಾಲುಹುಳು ಕಾಣಿಸಿಕೊಳ್ಳುತ್ತದೆ, ಸಪ್ಪೆ ರೋಗ ಹಬ್ಬುತ್ತದೆ, ಹಣ್ಣಾದ ಹುಳು ಚಂದ್ರಿಕೆಗೆ ಬಿಟ್ಟರೂ ಗೂಡು ಕಟ್ಟದೆ ಜೋತುಬೀಳುತ್ತದೆ. ತಿಂಗಳ ದುಡಿಮೆ ತಿಪ್ಪೆಗೆ ಹೋಗುತ್ತದೆ.

ಈಗ ಅದೇ ಹುಳುಮನೆಯಿಂದ ಇನ್ನೂರು ಹೆಜ್ಜೆ ನಡೆದು ಬಸ್ಸು ನಿಲ್ಲುವ ಕಡೆಗೆ ಬನ್ನಿ. ಮಧ್ಯಾಹ್ನ ಎರಡು ಗಂಟೆ. ಶಿಡ್ಲಘಟ್ಟಕ್ಕೆ ಹೋಗುವವರು ಕರೆಂಟು ಕಂಬದ ನೆರಳಲ್ಲಿ ನಿಂತಿದ್ದಾರೆ. ಆ ನೆರಳಿನ ಅಗಲ ಒಂದು ಗೇಣು. ಒಬ್ಬರ ಬೆನ್ನಿಗೆ ಒಬ್ಬರು ಸಾಲಾಗಿ ನಿಂತಿದ್ದಾರೆ, ನೆರಳು ಸರಿದಂತೆ ಸಾಲೂ ಸರಿಯುತ್ತದೆ. ಕಂಕುಳಲ್ಲಿ ಕೂಸಿರುವವಳು ಬಂದರೆ ಮುಂದಿನವರು ಬಿಸಿಲಿಗೆ ಇಳಿದು ಜಾಗ ಬಿಡುತ್ತಾರೆ. ಮಾತಿಲ್ಲ, ಕತೆಯಿಲ್ಲ, ದಿನಾ ನಡೆಯುವ ಕೆಲಸ.

ನಮ್ಮ ಚಳವಳಿ ಹುಟ್ಟಿದ್ದು ಈ ಇನ್ನೂರು ಹೆಜ್ಜೆಯ ನಡುವೆ. ಹುಳು ಸಾಕಿಯೇ ಮೂರು ಮಕ್ಕಳನ್ನು ದಡ ಸೇರಿಸಿದ ದೊಡ್ಡಮ್ಮ ಒಬ್ಬರು ಒಂದು ಸಂಜೆ ಅಂದರು: “ಹುಳುಗೆ ಸೆಕೆ ಆದ್ರೆ ಗೂಡು ಕಟ್ಟಲ್ಲ, ನಮ್ ಬಾಯಿಗೆ ಮಣ್ಣು ಬೀಳ್ತದೆ. ಅದಕ್ಕೇ ಎದ್ದು ಓಡಾಡ್ತೀವಿ. ಮಕ್ಳಿಗೆ ಸೆಕೆ ಆದ್ರೆ ಅಳ್ತವೆ ಅಷ್ಟೆ ಅಲ್ವೇನಪ್ಪಾ?” ನಮ್ಮಲ್ಲಿ ಯಾರಿಗೂ ಅವರ ಮುಖ ನೋಡಿ ಉತ್ತರ ಹೇಳಲು ಆಗಲಿಲ್ಲ. ಈ ಪ್ರಣಾಳಿಕೆಯೇ ಆ ಉತ್ತರ. ಹುಳುವಿಗೆ ನಾವು ಯಾವ ತಂಪನ್ನು ಕಟ್ಟಿಕೊಟ್ಟೆವೋ ಅದನ್ನು ನಮ್ಮ ಬೀದಿಗೆ, ಶಾಲೆಗೆ, ಸಂತೆಗೆ, ಕಾಲೋನಿಗೆ ಕಟ್ಟಿಕೊಡುತ್ತೇವೆ. ಆ ವಿದ್ಯೆ ನಮ್ಮ ಕೈಯಲ್ಲೇ ಇದೆ.

ಶಾಖದ್ವೀಪ ಎಂಬ ಮಾತು ಕೇಳಿದವರು ಅದು ಬೆಂಗಳೂರಿನ, ದೆಹಲಿಯ ತೊಂದರೆ ಎಂದುಕೊಳ್ಳುತ್ತಾರೆ. ಸುತ್ತಲ ಹೊಲಗದ್ದೆಗಿಂತ ಊರಿನ ನಡುಭಾಗ ಬಿಸಿಯಾಗಿ, ಕಡಲ ನಡುವಿನ ದ್ವೀಪದಂತೆ ಬೇರೆಯಾಗಿ ನಿಲ್ಲುವುದಕ್ಕೆ ಆ ಹೆಸರು. ಇನ್ನೂರು ವರ್ಷದ ಹಿಂದೆ ಲ್ಯೂಕ್ ಹೊವಾರ್ಡ್ ಎಂಬಾತ ಲಂಡನ್ನಿನ ಒಳಗೂ ಹೊರಗೂ ತಾಪ ಅಳೆದು, ನಗರದ ರಾತ್ರಿ ಹಳ್ಳಿಯ ರಾತ್ರಿಗಿಂತ ಬೆಚ್ಚಗಿರುತ್ತದೆ ಎಂದು ಬರೆದಿಟ್ಟ. ರಾತ್ರಿ ಎಂಬುದನ್ನು ಗಮನಿಸಿ. ಕಾಂಕ್ರೀಟು, ಡಾಂಬರು, ಕಲ್ಲು ಹಗಲಿಡೀ ಬಿಸಿಲು ಕುಡಿದು ಕತ್ತಲಾದ ಮೇಲೆ ಅದನ್ನು ಉಗುಳುತ್ತವೆ. ಇಕ್ಕಟ್ಟಾದ ಓಣಿಯಲ್ಲಿ ಎದುರುಬದುರು ಗೋಡೆಗಳು ಆ ಬಿಸಿಯನ್ನು ಒಂದಕ್ಕೊಂದು ದಾಟಿಸುತ್ತವೆ, ಅದಕ್ಕೆ ಆಕಾಶಕ್ಕೆ ಹೋಗಲು ದಾರಿ ಸಿಗುವುದಿಲ್ಲ. ಇದಕ್ಕೆ ಮಹಾನಗರವೇ ಬೇಕೆಂದಿಲ್ಲ. ಮೋರಿಯಿಂದ ಮೋರಿಗೆ ಸಿಮೆಂಟ್ ಸುರಿದ ಬೀದಿ, ಎರಡೂ ಕಡೆ ಆರ್‌ಸಿಸಿ ತಾರಸಿ, ಒಂದೂ ಮರವಿಲ್ಲದ ಅಂಗಳ, ಇಷ್ಟಿದ್ದರೆ ಸಾಕು. ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಉಸಿರು ಬಿಡುತ್ತಿತ್ತು. ಈಗ ರಾತ್ರಿ ಹತ್ತಕ್ಕೆ ತಾರಸಿಗೆ ಬರಿಗಾಲಲ್ಲಿ ಹತ್ತಿ ನೋಡಿ, ಅಂಗಾಲಿಗೆ ತಿಳಿಯುತ್ತದೆ.

ಮರ ಹೇಗೆ ತಂಪು ಮಾಡುತ್ತದೆ? ನೆರಳಿನಿಂದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತು. ಇನ್ನರ್ಧ ಒದ್ದೆ ಗೋಣಿತಾಟಿನ ಕೆಲಸ. ಗೋಣಿತಾಟಿನ ನೀರು ಆರುವಾಗ ಗಾಳಿಯ ಶಾಖವನ್ನು ಎಳೆದುಕೊಂಡೇ ಆರುತ್ತದೆ. ಎಲೆಯೂ ಹಾಗೆಯೇ. ಬೇರು ಹೀರಿದ ನೀರನ್ನು ಎಲೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿ ಮಾಡಿ ಬಿಡುತ್ತದೆ. 100 ಲೀಟರ್ ನೀರು ಹೀಗೆ ಆವಿಯಾಗಲು ಸುಮಾರು 68 ಯೂನಿಟ್ ಕರೆಂಟಿಗೆ ಸಮನಾದ ಶಾಖ ಬೇಕು. ಒಂದೂವರೆ ಟನ್ನಿನ ಎ.ಸಿ. ಹನ್ನೆರಡು ಗಂಟೆ ಬಿಡದೆ ಓಡಿದರೂ ಕೋಣೆಯಿಂದ ಅಷ್ಟು ಶಾಖ ತೆಗೆಯಲಾರದು. ತೆಗೆದದ್ದನ್ನಾದರೂ ಅದು ಬೀದಿಗೇ ಊದುತ್ತದೆ, ಬೀದಿಯಲ್ಲಿ ಹೋಗುವವನ ಮುಖಕ್ಕೆ. ಚೆನ್ನಾಗಿ ನೀರುಂಡ ದೊಡ್ಡ ಮರಕ್ಕೆ ಆ 100 ಲೀಟರ್ ಒಂದು ದಿನದ ಮಾತು. ಮೀಟರಿಲ್ಲ, ಬಿಲ್ಲಿಲ್ಲ.

ನಂಬದವರಿಗೆ ಬೆಂಗಳೂರಿನ ಲೆಕ್ಕವೇ ಇದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ನಗರದ ರಸ್ತೆಗಳಲ್ಲಿ ಮರವಿರುವ ತುಂಡನ್ನೂ ಮರವಿಲ್ಲದ ತುಂಡನ್ನೂ ಅಳೆದು 2013ರಲ್ಲಿ ಪ್ರಕಟಿಸಿದರು. ಮಧ್ಯಾಹ್ನದ ಗಾಳಿಯ ತಾಪದಲ್ಲಿ 5.6 ಡಿಗ್ರಿಯವರೆಗೆ ವ್ಯತ್ಯಾಸ. ರಸ್ತೆಯ ಮೈಯಲ್ಲಿ 27.5 ಡಿಗ್ರಿಯವರೆಗೆ. ಅದೇ ಊರು, ಅದೇ ರಸ್ತೆ, ಅದೇ ಸೂರ್ಯ. ಚಪ್ಪಲಿಯಿಲ್ಲದೆ ಶಾಲೆಗೆ ನಡೆಯುವ ಮಗುವಿಗೆ ಈ ಎರಡನೇ ಅಂಕಿ ಏನೆಂದು ವಿವರಿಸಬೇಕಾಗಿಲ್ಲ.

ಆ ಬೆಂಗಳೂರು ನಮಗೆ ಪಾಠವೂ ಹೌದು, ಎಚ್ಚರಿಕೆಯೂ ಹೌದು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಅಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಇವತ್ತು ಅಲ್ಲಿನ ಹಳೆಯ ಬಡಾವಣೆಗಳಲ್ಲಿ ನಡೆದಾಡುವವರು ಅನುಭವಿಸುವ ನೆರಳಿನಲ್ಲಿ ಆ ದಶಕದ ಬೆವರಿದೆ. ಮತ್ತೊಂದು ಕಡೆ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳಿಂದ ತೋರಿಸಿದ್ದು ಬೇರೆ ಕತೆ: 1973ರಲ್ಲಿ ಶೇ 8ರಷ್ಟಿದ್ದ ಕಟ್ಟಡದ ಹರವು 2012ಕ್ಕೆ ಶೇ 58 ದಾಟಿತ್ತು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು. 2024ರ ಏಪ್ರಿಲ್ ಪೂರ್ತಿ ಮಳೆಯಿಲ್ಲದೆ ಕಳೆದು 38.5 ಮುಟ್ಟಿತು. ಭೂಮಿಯೇ ಕಾಯುತ್ತಿದೆ, ಅದು ನಮ್ಮ ಊರಿನ ಕೈಯಲ್ಲಿಲ್ಲ, ನಿಜ. ಅದರ ಮೇಲೆ ಊರು ತಾನಾಗಿ ಹೊತ್ತಿಸಿಕೊಳ್ಳುವ ಒಲೆ ಮಾತ್ರ ನಮ್ಮ ಕೈಯಲ್ಲೇ ಇದೆ.

ಬೆಂಗಳೂರು ನಮ್ಮ ಕಡೆಗೇ ಬೆಳೆಯುತ್ತಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶಕ್ಕೆ ಜಮೀನು ಕೊಡಬೇಕೋ ಬೇಡವೋ ಎಂಬ ಜಗ್ಗಾಟ ನಡೆದಿದೆ. ಹೊಲಗಳಲ್ಲಿ ಸೈಟಿನ ಕಲ್ಲುಗಳು ಏಳುತ್ತಿವೆ. ಬೆಂಗಳೂರು ಐವತ್ತು ವರ್ಷದಲ್ಲಿ ಮಾಡಿದ ತಪ್ಪನ್ನು ನಾವು ಹತ್ತೇ ವರ್ಷದಲ್ಲಿ ಮಾಡಿ ಮುಗಿಸಬಹುದು. ಹಾಗಾಗಬಾರದೆಂದೇ ಮರದ ಮಾತನ್ನು ರಸ್ತೆ, ಚರಂಡಿ, ಕಂಬಕ್ಕಿಂತ ಮೊದಲು ಎತ್ತುತ್ತಿದ್ದೇವೆ. ಎಲ್ಲ ಮುಗಿದ ಮೇಲೆ ಎತ್ತಿದರೆ ಮರಕ್ಕೆ ಜಾಗವೇ ಉಳಿದಿರುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ನಮ್ಮ ಸೀಮೆಗೆ ಮರದ ಪಾಠ ಹೊರಗಿನಿಂದ ಬರಬೇಕಿಲ್ಲ. ಊರಿಗೊಂದು ಗುಂಡುತೋಪು ಇತ್ತು. ಪಹಣಿಯಲ್ಲಿ ಇಂದಿಗೂ ಆ ಹೆಸರೇ ಇದೆ. ಮಾವು, ಹುಣಸೆ, ನೇರಳೆ, ಹಲಸು, ಹೊಂಗೆಯ ತೋಪು ಅದು. ಗಾಡಿಯವರು ಎತ್ತು ಬಿಚ್ಚುತ್ತಿದ್ದರು, ಕುರಿಮಂದೆ ಮಧ್ಯಾಹ್ನ ಕಳೆಯುತ್ತಿತ್ತು, ಹುಣಸೆ ಫಸಲು ಹರಾಜಾಗಿ ಊರಿನ ಖರ್ಚಿಗೆ ಕಾಸು ಬರುತ್ತಿತ್ತು. ಹುಣಸೆ ಮರದಡಿ ಮಲಗಬಾರದು ಎಂಬ ಮಾತು ನಮ್ಮಲ್ಲಿದೆ, ಆದರೂ ದಾರಿಹೋಕರು ಅದರ ಬುಡದಲ್ಲಿ ಕೂತೇ ದಣಿವಾರಿಸಿಕೊಂಡರು. ದೂರವೇನಿಲ್ಲ, ದೇವನಹಳ್ಳಿ ಪಕ್ಕದ ನಲ್ಲೂರಿಗೆ ಹೋಗಿ ನೋಡಿ. ಅಲ್ಲಿನ ಮುದಿ ಹುಣಸೆಗಳ ತೋಪನ್ನು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ಕಾಂಡ ಟೊಳ್ಳಾಗಿದೆ, ಬಾಗಿದೆ, ನೆಲಕ್ಕೊರಗಿ ಮತ್ತೆ ಎದ್ದಿದೆ, ಚಿಗುರು ಮಾತ್ರ ಎಳೆಯದು. ಅಂಥ ಸೀಮೆಯಲ್ಲಿ ಹುಟ್ಟಿದ ನಾವು ತೋಪಿನ ಜಾಗದಲ್ಲಿ ಕಟ್ಟಡ ಎಬ್ಬಿಸಿದೆವು, ಉಳಿದ ಕಡೆ ನೀಲಗಿರಿ ಹಾಕಿದೆವು. ನೀಲಗಿರಿ ಎಲೆ ಜೋಲು ಎಲೆ, ಅದರಡಿ ಬಿಸಿಲು ಜರಡಿ ಹಿಡಿದಂತೆ ಬೀಳುತ್ತದೆ. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ತೆಗೆದ ಜಾಗಕ್ಕೆ ಏನು ಬರಬೇಕೆಂದು ಊರು ತೀರ್ಮಾನಿಸಬೇಕು.

ಹಳೆಯದನ್ನು ಹೊಗಳುವಾಗ ಅದರ ಹುಳುಕನ್ನೂ ಹೇಳದಿದ್ದರೆ ಈ ಪ್ರಣಾಳಿಕೆಗೆ ಬೆಲೆಯಿಲ್ಲ. ಅರಳಿಕಟ್ಟೆಯ ನೆರಳು ಎಲ್ಲರದೂ ಆಗಿರಲಿಲ್ಲ. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ದೂರ ನಿಲ್ಲಬೇಕು ಎಂಬ ಕಟ್ಟಳೆ ನಮ್ಮ ಊರುಗಳಲ್ಲಿತ್ತು. ಅದರ ನೆನಪು ಹಲವರ ಮೈಯಲ್ಲಿ ಇನ್ನೂ ಹಸಿಯಾಗಿದೆ. ಇವತ್ತಿಗೂ ಕಾಲೋನಿ ಎಂದರೆ ಊರಾಚೆಯ ಬೋಳು ನೆಲ, ಒತ್ತೊತ್ತಾಗಿ ಚಿಕ್ಕ ಸೈಟು, ತಲೆಗೆ ತಾಗುವಂತೆ ಸಿಮೆಂಟ್ ಶೀಟು. ಬಿಸಿಲಲ್ಲಿ ದುಡಿದು ಬಂದವರು ಬಿಸಿಯಲ್ಲೇ ಮಲಗುತ್ತಾರೆ. ಆದ್ದರಿಂದ ನಮ್ಮ ಮೊದಲ ಗುಂಡಿ ಕಾಲೋನಿಯಲ್ಲಿ ತೋಡುತ್ತೇವೆ, ಅಲ್ಲಿಯವರು ಹೇಳಿದ ಜಾಗದಲ್ಲಿ, ಅವರು ಆರಿಸಿದ ಮರಕ್ಕೆ. ಎರಡನೆಯದು ಶಾಲೆಯಂಗಳ ಮತ್ತು ಅಂಗನವಾಡಿ. ಮೂರನೆಯದು ಬಸ್ಸು ನಿಲ್ಲುವ ಜಾಗ. ದೇವಸ್ಥಾನದ ಮುಂದೆ, ದೊಡ್ಡವರ ಮನೆ ಮುಂದೆ ನೆಡುವುದು ಆಮೇಲೆ. ಈ ಸಾಲನ್ನು ಯಾರ ಮಾತಿಗೂ ಬದಲಿಸುವುದಿಲ್ಲ. ಹಾಗೆಯೇ ನಾವು ಕಟ್ಟುವ ಯಾವ ಕಟ್ಟೆಯ ಮೇಲೂ ಯಾರನ್ನೂ ಏಳು ಎನ್ನುವಂತಿಲ್ಲ.

ಶಿಡ್ಲಘಟ್ಟದ ರೀಲರ್‌ಗಳ ಬೀದಿಗಳನ್ನೂ ಮರೆತಿಲ್ಲ. ನಾವು ಬೆಳೆದ ಗೂಡು ಅಲ್ಲಿಗೆ ಹೋಗುತ್ತದೆ. ಗೂಡನ್ನು ಕುದಿನೀರಲ್ಲಿ ಬೇಯಿಸಿ, ಬಿಸಿ ಬೋಗುಣಿಯಿಂದ ಎಳೆ ಹುಡುಕಿ ತೆಗೆಯುವವರ ಬೆರಳ ತುದಿಗಳು ಸದಾ ಬೆಂದು ಬಿಳಿಚಿಕೊಂಡಿರುತ್ತವೆ. ಕೆಳಗೆ ಒಲೆ, ಮೇಲೆ ಶೀಟು. ಮೇ ತಿಂಗಳಲ್ಲಿ ಅವರಿಗೆ ಉಸಿರಾಡಲು ಹೊರಗೆ ಬಂದು ನಿಲ್ಲುವ ಒಂದು ಮರ ಬೇಕು. ಹುಳುವಿಗೆ 24 ಡಿಗ್ರಿ ಕೊಟ್ಟು ಬೆಳೆಸಿದ ರೇಷ್ಮೆಯನ್ನು ಬಿಚ್ಚುವ ಮನುಷ್ಯರಿಗೆ ಯಾವ ಡಿಗ್ರಿ ಎಂದು ಯಾರೂ ಗೊತ್ತುಮಾಡಿಲ್ಲ. ಆ ಬೀದಿಗಳವರು ನಮ್ಮ ಜೊತೆ ಸೇರಬೇಕೆಂದು ಕೈಮುಗಿದು ಕರೆಯುತ್ತೇವೆ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಎಂದು ಕರೆಯುವುದಿಲ್ಲ. ಆ ತಾಪವನ್ನು ಅಳೆಯುವುದು ಬಯಲಿನಲ್ಲಿಟ್ಟ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯೊಳಗೆ, ಅಂದರೆ ನೆರಳಿನಲ್ಲಿ. ಡಾಂಬರಿನ ಮೇಲೆ ಹಣ್ಣು ಮಾರುವವಳು, ಶೀಟಿನ ಕೆಳಗೆ ಮಲಗಿದ ಬಾಣಂತಿ ಆ ಪೆಟ್ಟಿಗೆಯೊಳಗೆ ಇಲ್ಲ. ಹೀಗಾಗಿ ನಮ್ಮ ಸೆಕೆ ಯಾವ ಕಡತದಲ್ಲೂ ಇಲ್ಲ. ಇನ್ನು ಮುಂದೆ ನಾವೇ ಬರೆದಿಡುತ್ತೇವೆ. ಶಿವರಾತ್ರಿ ಕಳೆದ ಮೇಲೆ ಮುಂಗಾರು ಹಿಡಿಯುವವರೆಗೆ, ಶಾಲೆ, ಬಸ್ ನಿಲ್ದಾಣ, ಕಾಲೋನಿಯ ಒಂದು ಮನೆ, ಒಂದು ಹುಳುಮನೆ, ಒಂದು ದೊಡ್ಡ ಮರದಡಿ, ಹೀಗೆ ಐದು ಕಡೆ ಮಧ್ಯಾಹ್ನ ಎರಡಕ್ಕೆ ಮತ್ತು ರಾತ್ರಿ ಹತ್ತಕ್ಕೆ ತಾಪ ನೋಡಿ ಬರೆಯುತ್ತೇವೆ. ಹೈಸ್ಕೂಲು ಮಕ್ಕಳು ಬರೆಯುತ್ತಾರೆ, ಪಂಚಾಯಿತಿ ಗೋಡೆಯ ಮೇಲೆ ಅಂಟಿಸುತ್ತೇವೆ. ಅಹಮದಾಬಾದ್ ನಗರ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ನೂರಾರು ಜನರನ್ನು ಕಳೆದುಕೊಂಡ ಮೇಲೆ, 2013ರಲ್ಲಿ, ಸೆಕೆಯನ್ನು ಎದುರಿಸುವ ಯೋಜನೆ ಮಾಡಿಕೊಂಡಿತು. ನಾವು ಸಾವಿಗೆ ಕಾಯುವುದಿಲ್ಲ.

ಪಂಚಾಯಿತಿಯನ್ನು ನಾವು ಕೇಳುವುದು ಹೆಚ್ಚೇನಿಲ್ಲ, ಆದರೆ ಬಿಡದೆ ಕೇಳುತ್ತೇವೆ. ಗುಂಡುತೋಪಿನ ಸರ್ವೆ ನಂಬರುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಒತ್ತುವರಿ ಅಳೆದು ಕಲ್ಲು ನೆಡಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಕಾಗದದಿಂದ ಎದ್ದು ಊರಿನ ಒಂದೊಂದು ಹಳೆಯ ಮರವನ್ನೂ ಪುಸ್ತಕಕ್ಕೆ ಏರಿಸಬೇಕು. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಮರದ ಸಾಲಿಗೆ ಮಣ್ಣಿನ ಪಟ್ಟಿ ಬಿಡಿಸಬೇಕು. ಬೀದಿಗೆ ಕಾಂಕ್ರೀಟು ಹಾಕುವಾಗ ಮರದ ಬುಡಕ್ಕೆ ಒಂದು ಮೀಟರ್ ಸುತ್ತ ಮಣ್ಣು ತೆರೆದಿರಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದು ಇದನ್ನೇ. ಬುಡಕ್ಕೆ ಸಿಮೆಂಟ್ ಮೆತ್ತಿದ ಮರ ನಿಂತಲ್ಲೇ ಬಾಯಾರಿ ಸಾಯುವುದನ್ನು ನಾವು ಕಂಡಿದ್ದೇವೆ. ರಸ್ತೆ ಅಗಲ ಮಾಡುವಾಗ ಮರ ಉರುಳಿಸಲೇಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ದಾರಿಯಲ್ಲೇ ನಡೆಯಬೇಕು: ವೃಕ್ಷಾಧಿಕಾರಿಯ ಅನುಮತಿ, ಜನರ ಆಕ್ಷೇಪಕ್ಕೆ ಅವಕಾಶ, ಬದಲಿ ಸಸಿ. ರಾತ್ರೋರಾತ್ರಿ ಗರಗಸ ಬಂದರೆ ನಾವು ಮರದ ಬುಡದಲ್ಲಿ ಕೂತಿರುತ್ತೇವೆ.

ನೆಡುವ ವಿಷಯದಲ್ಲಿ ನಮ್ಮದು ಕಟ್ಟುನಿಟ್ಟು. ಪ್ರತಿ ಜೂನ್ 5ಕ್ಕೆ ಅದೇ ಗುಂಡಿಗೆ ಹೊಸ ಸಸಿ ಇಟ್ಟು ಫೋಟೋ ತೆಗೆಸುವುದನ್ನು ನೋಡಿ ಸಾಕಾಗಿದೆ. ಎಷ್ಟು ನೆಟ್ಟೆವು ಎಂದು ನಾವು ಎಲ್ಲೂ ಹೇಳಿಕೊಳ್ಳುವುದಿಲ್ಲ. ಮೂರನೇ ಬೇಸಿಗೆ ದಾಟಿ ಬದುಕಿರುವ ಸಸಿಯನ್ನಷ್ಟೇ ಮರವೆಂದು ಎಣಿಸುತ್ತೇವೆ. ಬೇವು, ಹೊಂಗೆ, ಹುಣಸೆ, ನೇರಳೆ, ಅತ್ತಿ, ಬಸರಿ, ಅರಳಿ, ಆಲ ನಮ್ಮ ಪಟ್ಟಿ. ತಂತಿಯ ಕೆಳಗೆ ದೊಡ್ಡ ಮರ ನೆಟ್ಟು ಆಮೇಲೆ ತಲೆ ಕಡಿಸುವ ಪಾಪ ಬೇಡ. ಅಲ್ಲಿ ಸೀಬೆ, ಕರಿಬೇವು, ಪಾರಿಜಾತ ಸಾಕು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ದೊಡ್ಡ ಮರ ಬಂದರೆ ಸೊಪ್ಪಿನ ಇಳುವರಿಗೆ ಹೊಡೆತ ಎಂದು ರೈತರು ಹೇಳುವುದು ನ್ಯಾಯ. ಅವರ ತೋಟಕ್ಕೆ ನಾವು ಕೈಹಾಕುವುದಿಲ್ಲ, ನಮ್ಮ ಕೆಲಸ ಬೀದಿಯದು, ಸಾರ್ವಜನಿಕ ಜಾಗದ್ದು.

ನೀರೆಲ್ಲಿ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕು. ಬೋರು ಸಾವಿರ ಅಡಿ ಮೀರಿ ಹೋದ ಸೀಮೆ ಇದು. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಮೂರನೇ ಹಂತವೂ ಆಗಲಿ ಎಂಬ ರೈತರ ಬೇಡಿಕೆಗೆ ನಮ್ಮ ದನಿಯನ್ನೂ ಕೂಡಿಸುತ್ತೇವೆ. ಆದರೆ ಒಂದು ಸಸಿಗೆ ಕೆರೆ ಬೇಕಾಗಿಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಕೊಡ ನೀರು ಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಈಗ ಮೋರಿಗೆ ಹೋಗುತ್ತಿದೆ. ಸಸಿಯ ಪಕ್ಕ ಮಣ್ಣಿನ ಮಡಕೆ ಹೂತು ತುಂಬಿಸಿದರೆ ಅದು ನಿಧಾನವಾಗಿ ಒಸರಿ ಬೇರಿಗೆ ಉಣಿಸುತ್ತದೆ, ಮೇಲೆ ರಾಗಿ ಹುಲ್ಲು ಮುಚ್ಚಿದರೆ ಆರುವುದಿಲ್ಲ. ಒಂದು ಸಸಿಗೆ ಎರಡು ಮನೆ ಹೊಣೆ. ಒಬ್ಬರು ನೆಂಟರ ಊರಿಗೆ ಹೋದರೆ ಇನ್ನೊಬ್ಬರು ಹೊಯ್ಯುತ್ತಾರೆ.

ನಮ್ಮಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ತೆಲುಗಿನಲ್ಲಿ ನೆರಳಿಗೆ ‘ನೀಡ’ ಎನ್ನುತ್ತಾರೆ. ಕನ್ನಡದಲ್ಲಿ ನೀಡು ಎಂದರೆ ಕೊಡು. ಎರಡೂ ಮಾತಾಡಿ ಬೆಳೆದ ನಮ್ಮ ಕಿವಿಗೆ ಇವೆರಡು ಬೇರೆ ಬೇರೆಯಾಗಿ ಕೇಳುವುದೇ ಇಲ್ಲ.

ಈ ಚಳವಳಿಗೆ ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಪಕ್ಷವಿಲ್ಲ. ಗುದ್ದಲಿ ಹಿಡಿದವರು ಸದಸ್ಯರು. ರೋಹಿಣಿ ಮಳೆಗೆ ಗುಂಡಿ ತೋಡಿ ಬಿಸಿಲಿಗೆ ಬಿಡುತ್ತೇವೆ, ಮೃಗಶಿರಕ್ಕೆ ನೆಡುತ್ತೇವೆ. ಮೊದಲ ಗುಂಡಿಯ ದಿನ ಬೆಳಿಗ್ಗೆ ಆರಕ್ಕೆ ಬಸ್ಸು ನಿಲ್ಲುವ ಕಡೆ ಸೇರಿ ಕಾಲೋನಿಗೆ ನಡೆದುಹೋಗುತ್ತೇವೆ. ಅಕ್ಕಂದಿರೇ, ಅಣ್ಣಂದಿರೇ, ಹಾರೆ ಗುದ್ದಲಿ ನಮ್ಮ ಬಳಿ ಇದೆ. ಒಬ್ಬೊಬ್ಬರು ಒಂದು ಹಳೆಯ ಮಡಕೆ ತನ್ನಿ. ಬೆಳೆ ಮುಗಿದು ಹುಳುಮನೆ ಖಾಲಿ ಇದ್ದರೆ, ತೊಲೆಗೆ ಕಟ್ಟಿದ ದಾರ ಬಿಚ್ಚಿ ಆ ಥರ್ಮಾಮೀಟರನ್ನೂ ತನ್ನಿ. ಶಾಲೆಯ ಜಗುಲಿಯಲ್ಲಿ ಅದಕ್ಕೊಂದು ಮೊಳೆ ಹೊಡೆದಿಟ್ಟಿದ್ದೇವೆ.